ಖಾಲಿ ಎಂಬ ಮಾತು

"ಇಲ್ಲಿ ಏನಿದೆ ಸ್ವಾಮಿ? ಯಾರಿಗೆ ತೊಂದರೆ?"

ಕಳೆದ ಅಕ್ಟೋಬರಿನ ಒಂದು ರಾತ್ರಿ, ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ, ಸಜ್ಜನರೊಬ್ಬರು ನನಗೆ ಹೇಳಿದ ಮಾತು ಇದು. ಅವರ ಇಂಗ್ಲಿಷನ್ನು ನಾನು ನಮ್ಮ ಮಾತಿಗೆ ತಿರುಗಿಸಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತಿನೊಡನೆ ಮಾತ್ರ ನನ್ನ ಜಗಳ ಮುಗಿದಿಲ್ಲ. ಅದನ್ನು ಓದುಗರ ಮುಂದಿಡುತ್ತೇನೆ.

ಲಾಸ್ ಏಂಜಲೀಸಿನಲ್ಲಿರುವ ಮಗಳೂ ಅಳಿಯಂದಿರೂ ನಮ್ಮನ್ನು ಆರ್.ವಿ.ಯೊಂದರಲ್ಲಿ ಪ್ರವಾಸಕ್ಕೆ ಕರೆದೊಯ್ದಿದ್ದರು. ಆರ್.ವಿ. ಎಂದರೆ ಗಾಲಿಗಳ ಮೇಲಿನ ಮನೆ. ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲವೂ ಅದರೊಳಗೇ ಉಂಟು. ಲೋನ್ ಪೈನ್ ಎಂಬ ಸಣ್ಣ ಊರಿನ ಹೊರಗೆ, ಸುಮಾರು 3,700 ಅಡಿ ಎತ್ತರದ ಮರುಭೂಮಿಯಲ್ಲಿ ನಮ್ಮ ಬಿಡಾರ. ಪಶ್ಚಿಮಕ್ಕೆ ಸಿಯೆರಾ ನೆವಾಡ ಪರ್ವತಗಳ ಗೋಡೆ. ಅದರ ನೆತ್ತಿಯಲ್ಲಿ 14,505 ಅಡಿಯ ವಿಟ್ನಿ ಶಿಖರ. ಅಲಾಸ್ಕವನ್ನು ಬಿಟ್ಟರೆ ಆ ದೇಶದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಪೂರ್ವಕ್ಕೆ ಇನ್ಯೊ ಬೆಟ್ಟಗಳು. ನಡುವೆ ಮರಳು, ಬಂಡೆ, ಬೂದುಬಣ್ಣದ ಸೇಜ್ ಪೊದೆ. ಕತ್ತಲಾದಂತೆ ಆಕಾಶಗಂಗೆ ಮೂಡಿತು. ಹುಡುಗನಾಗಿದ್ದಾಗ ಅಂಗಳದ ಚಾಪೆಯ ಮೇಲೆ ಮಲಗಿ ಕಂಡದ್ದನ್ನು ಅರವತ್ತು ವರ್ಷಗಳ ಬಳಿಕ ಮತ್ತೆ ಕಂಡೆ.

ಆದರೆ ಅದನ್ನು ನೆಮ್ಮದಿಯಾಗಿ ನೋಡುವಂತಿರಲಿಲ್ಲ. ಹತ್ತು ಗಂಟೆಯ ಮೇಲೆ ಜನರೇಟರು ನಿಲ್ಲಿಸಬೇಕೆಂದು ಬಿಡಾರದ ಬಾಗಿಲಲ್ಲೇ ಫಲಕವಿತ್ತು. ಹನ್ನೊಂದಾದರೂ ಪಕ್ಕದ ಗಾಡಿಯ ಜನರೇಟರು ಹಿಟ್ಟಿನ ಗಿರಣಿಯಂತೆ ಮೊರೆಯುತ್ತಲೇ ಇತ್ತು. ಗಾಡಿಯ ಸುತ್ತ ಮದುವೆಮನೆಯ ದೀಪಮಾಲೆ. ಹೋಗಿ ವಿನಯದಿಂದ ಕೇಳಿದೆ. ಅವರು ಆ ಮಾತು ಹೇಳಿ, ನಕ್ಕು, ಯಂತ್ರವನ್ನು ನಿಲ್ಲಿಸಿದರು. ಯಂತ್ರ ನಿಂತಿತು, ಮಾತು ನಿಲ್ಲಲಿಲ್ಲ.

ಏಕೆಂದರೆ "ಇಲ್ಲಿ ಏನೂ ಇಲ್ಲ" ಎಂಬ ಮಾತಿಗೆ ಆ ಕಣಿವೆಯಲ್ಲಿ ದೊಡ್ಡ ಚರಿತ್ರೆಯೇ ಇದೆ. ಅಲ್ಲಿನ ಮೂಲನಿವಾಸಿಗಳಾದ ಪಾಯೂಟರು ತಮ್ಮ ಸೀಮೆಯನ್ನು ನೀರು ಹರಿಯುವ ನೆಲವೆಂದು ಕರೆಯುತ್ತಿದ್ದರು. ಕಾಲುವೆ ತೋಡಿ ಹೊಳೆಯ ನೀರು ಹಾಯಿಸುತ್ತಿದ್ದರು. ನೆಲ ಖಾಲಿಯಿದೆ ಎಂದು ಬಂದವರಿಗೆ ಆ ಕಾಲುವೆಗಳು ಕಾಣಲಿಲ್ಲ. 1863ರಲ್ಲಿ ಸೈನಿಕರು ಸುಮಾರು ಸಾವಿರ ಮಂದಿ ಪಾಯೂಟರನ್ನು ಅಲ್ಲಿಂದ ಟೆಹೋನ್ ಕೋಟೆಗೆ ನಡೆಸಿಕೊಂಡು ಹೋದರು. 1913ರಲ್ಲಿ ಲಾಸ್ ಏಂಜಲೀಸ್ ನಗರ 233 ಮೈಲಿಯ ಕಾಲುವೆ ಕಟ್ಟಿ ಕಣಿವೆಯ ನದಿಯನ್ನೇ ತಿರುಗಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ನೂರು ಚದರ ಮೈಲಿಯ ಓವೆನ್ಸ್ ಸರೋವರ ಬತ್ತಿತು. ಅದರ ತಳದಿಂದ ಎದ್ದ ಧೂಳನ್ನು ಅಡಗಿಸಲು ಅದೇ ನಗರ ಮುಂದೆ ನೂರಾರು ಕೋಟಿ ಡಾಲರು ಸುರಿಯಬೇಕಾಯಿತು. 1942ರಲ್ಲಿ ಲೋನ್ ಪೈನಿನ ಉತ್ತರಕ್ಕೆ, ಹಿಂದೆ ಸೇಬಿನ ತೋಟಗಳಿದ್ದ ಮಾಂಜನಾರಿನಲ್ಲಿ, ಮುಳ್ಳುತಂತಿಯ ಬೇಲಿ ಹಾಕಿ ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಕೂಡಿಹಾಕಿದರು. ಅವರಲ್ಲಿ ಬಹುಪಾಲು ಜನ ಅಮೆರಿಕದ ಪ್ರಜೆಗಳೇ. ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ.

ಜನರನ್ನು ಓಡಿಸಿದ್ದಕ್ಕೂ ಒಂದು ಜನರೇಟರಿನ ಸದ್ದಿಗೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಅಪರಾಧಗಳು ಸಮಾನವೆಂದು ನಾನು ಹೇಳುತ್ತಿಲ್ಲ. ನೆವ ಒಂದೇ ಎನ್ನುತ್ತಿದ್ದೇನೆ. ನಮಗೆ ಬೇಕಾದದ್ದು ಕಾಣದ ಕಡೆ ಏನೂ ಇಲ್ಲವೆಂದು ತೀರ್ಮಾನಿಸಿ, ಆಮೇಲೆ ಮನಸ್ಸು ಬಂದಂತೆ ನಡೆಯುವುದು.

ಆ ಮರುಭೂಮಿಯಲ್ಲಿ ಇರುವುದೇನು? ಕಣಿವೆಯ ಉತ್ತರದ ವೈಟ್ ಪರ್ವತಗಳಲ್ಲಿ, 10,000 ಅಡಿಯ ಆಚೆಗೆ, ಬ್ರಿಸಲ್‌ಕೋನ್ ಪೈನ್ ಮರಗಳಿವೆ. ಅವುಗಳಲ್ಲೊಂದಕ್ಕೆ 4,800 ವರ್ಷ ಮೀರಿದೆ. ಸಾರವಿಲ್ಲದ ಸುಣ್ಣದ ನೆಲ, ಚಳಿ, ಒಣಗಾಳಿ. ಬೇರೆ ಮರ ಬಾಳದ ಕಡೆ ನಿಧಾನವಾಗಿ ಬೆಳೆದದ್ದರಿಂದಲೇ ಅವು ಇಷ್ಟು ಕಾಲ ಬದುಕಿವೆ. ನಾವು ಬಡ ನೆಲವೆನ್ನುವುದು ಅವುಗಳ ಆಯುಸ್ಸಿಗೆ ಆಸರೆ. ಮರುಭೂಮಿಯ ಮಣ್ಣಿನ ಮೇಲೆ ಎಷ್ಟೋ ಕಡೆ ಪಾಚಿ, ಕಲ್ಲುಹೂವುಗಳ ಜೀವಂತ ಹೊರಪದರವಿರುತ್ತದೆ. ದಾರಿ ಬಿಟ್ಟಿಳಿದ ಒಂದು ಗಾಡಿ ಅದನ್ನು ತುಳಿದರೆ ಮತ್ತೆ ಕಟ್ಟಿಕೊಳ್ಳಲು ದಶಕಗಳು ಬೇಕು.

ಹಾಗೆಂದು ಆರ್.ವಿ.ಯನ್ನೇ ಬಹಿಷ್ಕರಿಸಿ ಎನ್ನುವ ತರುಣರ ಮಾತಿಗೂ ನಾನು ಒಪ್ಪಲಾರೆ. ಮಂಡಿನೋವಿನ ನನ್ನಂಥವನು ಗುಡಾರದಲ್ಲಿ ನೆಲದ ಮೇಲೆ ಮಲಗಿ ಏಳಲಾರ. ಗಾಡಿಯಿಲ್ಲದಿದ್ದರೆ ನಾನೂ ನನ್ನವಳೂ ವಿಟ್ನಿಯ ಮೇಲೆ ಬೆಳಗಿನ ಬಿಸಿಲು ಕೆಂಪಾಗಿ ಬೀಳುವುದನ್ನು ಕಾಣುತ್ತಲೇ ಇರಲಿಲ್ಲ. ಪರ್ವತ ಗಟ್ಟಿ ಕಾಲಿನವರ ಸ್ವತ್ತಲ್ಲ. ಗಾಡಿ ಬರಲಿ, ಇಡೀ ಪಟ್ಟಣವನ್ನು ಹೇರಿಕೊಂಡು ಬರುವುದು ಬೇಡ.

ಇದು ಅಮೆರಿಕದವರ ಸಮಾಚಾರ, ನಮಗೇಕೆ ಎನ್ನುವಿರೋ? ಭೂಮಿಯ ಲೆಕ್ಕ ಬರೆಯುವ ನೌಕರಿಯಲ್ಲಿ ನಾನು ಮೂವತ್ತು ವರ್ಷ ಕಳೆದೆ. ಕಲ್ಲುಗುಡ್ಡ, ಕುರುಚಲು ಕಾಡು, ಹಳ್ಳ ಎದುರಾದಾಗಲೆಲ್ಲ ಪಹಣಿಯಲ್ಲಿ 'ಖರಾಬು' ಎಂದು ಬರೆದೆ. ಅಲ್ಲಿ ಕುರಿ ಮೇಯುತ್ತಿದ್ದವು, ಹೆಂಗಸರು ಸೌದೆ ಆಯುತ್ತಿದ್ದರು, ಮಳೆನೀರು ಕೆರೆಗೆ ಇಳಿಯುತ್ತಿತ್ತು. ಕಂದಾಯ ಹುಟ್ಟದ್ದರಿಂದ ಅದು ಖರಾಬು! ನೆರೆಗಾಡಿಯವರು ಬಾಯಲ್ಲಿ ಆಡಿದ್ದನ್ನು ನಾನು ಶಾಯಿಯಲ್ಲಿ ಬರೆದಿದ್ದೆ.

ನಮ್ಮ ಗಾಡಿಯೂ ನಿರ್ದೋಷಿಯಾಗಿರಲಿಲ್ಲ. ಅದೇ ಸಂಜೆ ಕಾಯಿಚಟ್ನಿ ರುಬ್ಬಲು ಮಿಕ್ಸಿಗಾಗಿ ನಾವೂ ಜನರೇಟರು ಹಚ್ಚಿದ್ದೆವು. ಮಗಳ ಮನೆಯ ನಲ್ಲಿಯಲ್ಲಿ ತುಂಬಿಸಿ ತಂದ ನೀರಿನಲ್ಲಿ ಪಾತ್ರೆ ತೊಳೆದಿದ್ದೆವು. ಆ ನಗರದ ನೀರಿನಲ್ಲಿ ಒಂದು ಪಾಲು ಇದೇ ಕಣಿವೆಯದು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಕತ್ತಲಾದ ಮೇಲೆ ಯಂತ್ರವೂ ಹೊರದೀಪವೂ ಬೇಡ. ಇರುವ ಜಾಡನ್ನು ಬಿಟ್ಟು ಗಾಡಿ ಇಳಿಸಬೇಡಿ. ತಂದ ಕಸವನ್ನು ಒಯ್ಯಿರಿ. ಎಲ್ಲಕ್ಕೂ ಮೊದಲು, ಏನೂ ಇಲ್ಲವೆನ್ನುವ ಮುನ್ನ ಒಂದು ಗಂಟೆ ಸುಮ್ಮನೆ ಕೂತು ನೋಡಿ.

ಮರುದಿನ ಅಳಿಯಂದಿರು, "ಮಾವ, ಜನರೇಟರು ಹಚ್ಚಲೇ?" ಎಂದು ಕೇಳಿದರು. ಬೇಡವೆಂದೆ. ಚಟ್ನಿಪುಡಿಯಲ್ಲೇ ಊಟವಾಯಿತು. ದೀಪ ಆರಿಸಿ ಹೊರಗೆ ಕೂತೆವು. ಸ್ವಲ್ಪ ಹೊತ್ತಿಗೆ ಪಕ್ಕದ ಗಾಡಿಯವರೂ ಕುರ್ಚಿ ತಂದು ನಮ್ಮ ಬಳಿ ಹಾಕಿಕೊಂಡರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.