ಹಿತ್ತಲ ಶೆಡ್ಡಿನ ಮೀಟರಿಗೆ ಅಂಗಡಿ ದರ ಯಾಕೆ?

ಮನೆ ನಮ್ಮದು, ಹಿತ್ತಲ ಶೆಡ್ಡೂ ನಮ್ಮದು, ಅದರಲ್ಲಿ ಕೂತು ದುಡಿಯುವವರೂ ನಾವೇ. ಮನೆ ಮೀಟರಿಗೆ ಮನೆ ದರ, ಶೆಡ್ಡಿನ ಮೀಟರಿಗೆ ಅಂಗಡಿ ದರ. ಇದ್ಯಾವ ಲೆಕ್ಕ ಸ್ವಾಮಿ?

ಸುದ್ದಿಗಾಗಿ ಹಳ್ಳಿ ತಿರುಗುವ ನಮಗೆ ಈ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಕೇಳುವವರು ಫ್ಯಾಕ್ಟರಿ ಇಟ್ಟವರಲ್ಲ. ಎರಡು ಹೊಲಿಗೆ ಮಷೀನು ಇಟ್ಟುಕೊಂಡ ಅಕ್ಕ, ಕಿಟಕಿ ಬಾಗಿಲು ಮಾಡುವ ಬಡಗಿ, ಶಾವಿಗೆ ಮಷೀನು ತಂದ ಸ್ತ್ರೀಶಕ್ತಿ ಸಂಘದ ತಾಯಂದಿರು. ಅಧಿಕಾರಿಗಳನ್ನು ಕೇಳಿದರೆ "ರೂಲ್ಸ್ ಹಾಗಿದೆ" ಅನ್ನುತ್ತಾರೆ. ಹಾಗಾದರೆ ಆ ರೂಲ್ಸ್ ಏನು ಹೇಳುತ್ತದೆ ಅಂತ ನೋಡೋಣ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ರೂಲ್ಸ್‌ನ ಉದ್ದೇಶ ಒಳ್ಳೆಯದು, ಅದರ ಅಳತೆ ಮಾತ್ರ ಹಳೆಯದಾಗಿದೆ.

ಮನೆ ದರದ ಪಟ್ಟಿಯಲ್ಲಿ ಯಾರಿದ್ದಾರೆ?

ಕರ್ನಾಟಕದಲ್ಲಿ ಕರೆಂಟ್ ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ, ಸೆಸ್ಕ್ ಎಲ್ಲವೂ ಅದರ ದರಪಟ್ಟಿಯನ್ನೇ ಪಾಲಿಸಬೇಕು. ಮನೆ ಬಳಕೆಗೆ ಎಲ್‌ಟಿ-1 (ಹಳೆಯ ಬಿಲ್‌ಗಳಲ್ಲಿ ಎಲ್‌ಟಿ-2ಎ), ಅಂಗಡಿ ಮತ್ತು ವ್ಯಾಪಾರಕ್ಕೆ ಎಲ್‌ಟಿ-3, ಸಣ್ಣ ಕೈಗಾರಿಕೆಗೆ ಎಲ್‌ಟಿ-5.

ಮನೆಯಲ್ಲಿ ದುಡಿಯುವವರನ್ನು ಈ ದರಪಟ್ಟಿ ಮರೆತಿಲ್ಲ. ವಾಸ ಇರುವವರೇ ಮನೆಯ ಒಂದು ಭಾಗದಲ್ಲಿ ಕೆಲವು ಕಸುಬು ಮಾಡಿಕೊಂಡರೆ ಅದಕ್ಕೂ ಮನೆ ದರವೇ ಅನ್ವಯ ಅಂತ ಹಲವು ವರ್ಷಗಳಿಂದ ಅದರಲ್ಲಿ ಬರೆದಿದೆ. ಕೈಮಗ್ಗ, ರೇಷ್ಮೆ ಸಾಕಾಣಿಕೆ ಮತ್ತು ನೂಲು ಬಿಚ್ಚುವುದು, ಚಾಕಿ ಸಾಕಾಣಿಕೆ, ಹೊಲಿಗೆ, ಅಕ್ಕಸಾಲಿಗೆ, ಬಟ್ಟೆ ತೊಳೆಯುವುದು, ಟೈಪಿಂಗ್, ಬ್ಯೂಟಿ ಪಾರ್ಲರ್, ಹೋಮ್‌ಸ್ಟೇ ಎಲ್ಲ ಆ ಪಟ್ಟಿಯಲ್ಲಿವೆ. ವಕೀಲರು, ವೈದ್ಯರು, ಎಂಜಿನಿಯರು, ಲೆಕ್ಕಪರಿಶೋಧಕರು, ಕೊನೆಗೆ ಜ್ಯೋತಿಷಿಗಳು ಮನೆಯಲ್ಲೇ ಸಲಹೆ ಕೊಟ್ಟರೂ ಮನೆ ದರ.

ಹೊಲಿಗೆ ಅಕ್ಕಂದಿರು ಇದನ್ನು ಗಮನಿಸಬೇಕು. ನೀವು ವಾಸವಿರುವ ಮನೆಯ ಒಂದು ಕೋಣೆಯಲ್ಲಿ ಮಷೀನು ಇಟ್ಟು ಹೊಲಿದರೆ ಅದು ಅಂಗಡಿ ಅಲ್ಲ. "ಕಮರ್ಷಿಯಲ್ ಮೀಟರ್ ತಗೊಳ್ಳಿ" ಅಂತ ಯಾರಾದರೂ ಹೇಳಿದರೆ ಈ ಪಟ್ಟಿ ತೋರಿಸಿ.

ಎತ್ತಿಗೆ 1 ಎಚ್‌ಪಿ, ಬಡಗಿಗೆ 200 ವ್ಯಾಟ್

ತೊಡಕು ಇರುವುದು ಕುಶಲಕರ್ಮಿಗಳ ವಿಚಾರದಲ್ಲಿ. ಮೋಟರ್ ಇಟ್ಟುಕೊಂಡು ಕೆಲಸ ಮಾಡುವ ಕುಶಲಕರ್ಮಿಗೆ ಮನೆ ದರ ಸಿಗುವುದು 200 ವ್ಯಾಟ್‌ವರೆಗೆ ಮಾತ್ರ.

200 ವ್ಯಾಟ್‌ನಲ್ಲಿ ಏನು ನಡೆಯುತ್ತದೆ? ಹಳೇ ಕಾಲು ಮಷೀನಿಗೆ ಕಟ್ಟುವ ಪುಟ್ಟ ಮೋಟರು ನಡೆಯುತ್ತದೆ. ಬಡಗಿಯ ಕೈ ಡ್ರಿಲ್ ನಡೆಯುವುದಿಲ್ಲ, ಅದು ಸಾಮಾನ್ಯವಾಗಿ 500 ವ್ಯಾಟ್ ಆಸುಪಾಸು. ಅರ್ಧ ಎಚ್‌ಪಿ ಮೋಟರ್ ಅಂದರೆ 373 ವ್ಯಾಟ್, ಆಗಲೇ ಮಿತಿ ದಾಟಿತು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಲೇತಿಗೆ, ಬೀದರಿನಲ್ಲಿ ಬಿದರಿ ಪಾತ್ರೆಗೆ ಹೊಳಪು ಕೊಡುವ ಚಕ್ರಕ್ಕೆ ಅರ್ಧ ಎಚ್‌ಪಿ ಮೋಟರ್ ಹಾಕಿದರೂ ಈ ಸಾಲಿನ ಹೊರಗೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರಕ್ಕೆ 1 ಎಚ್‌ಪಿವರೆಗೆ ಮನೆ ದರ. 1 ಎಚ್‌ಪಿ ಅಂದರೆ 746 ವ್ಯಾಟ್. ರೈತನಿಗೆ ಇದು ಸಿಕ್ಕಿದ್ದು ಒಳ್ಳೆಯದೇ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಒಂದೇ ಬೀದಿಯಲ್ಲಿ ಎತ್ತಿನ ಮೇವು ಕತ್ತರಿಸಲು 746 ವ್ಯಾಟ್ ಸರಿ, ಮನುಷ್ಯ ಅನ್ನಕ್ಕಾಗಿ ಮರ ಕೊಯ್ಯಲು 200 ವ್ಯಾಟ್ ಮಾತ್ರ ಸರಿ ಅನ್ನುವುದಕ್ಕೆ ಯಾವ ಕಾರಣವೂ ನಮಗೆ ಕಾಣುವುದಿಲ್ಲ.

ಸರ್ಕಾರದ ಒಂದು ಕೈ ಕೊಡುತ್ತದೆ, ಇನ್ನೊಂದು ಕೈ ತಡೆಯುತ್ತದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಅಕ್ಕಸಾಲಿ, ಗೊಂಬೆ ಮಾಡುವವರು ಸೇರಿ 18 ಕಸುಬುಗಳಿಗೆ 15,000 ರೂಪಾಯಿವರೆಗೆ ಉಪಕರಣದ ನೆರವಿದೆ, 5% ಬಡ್ಡಿಗೆ 3 ಲಕ್ಷದವರೆಗೆ ಸಾಲವಿದೆ. ಆ ದುಡ್ಡಲ್ಲಿ ಬಡಗಿ ಒಂದು ಕರೆಂಟ್ ಉಪಕರಣ ತಂದು ಮನೆಯಲ್ಲಿ ಪ್ಲಗ್ ಹಾಕಿದ ದಿನವೇ ದರಪಟ್ಟಿಯ ಗೆರೆ ದಾಟಿದಂತಾಗುತ್ತದೆ.

ಎರಡನೇ ಮೀಟರ್ ಯಾಕೆ ಬಂತು?

"ಮನೆ ಮೀಟರಲ್ಲೇ ನಡೆಸಿದರಾಯಿತು, ಬೇರೆ ಮೀಟರ್ ಯಾಕೆ?" ಅಂತ ಪೇಟೆಯವರು ಕೇಳಬಹುದು. ಹಳ್ಳಿಯಲ್ಲಿ ಅದಕ್ಕೆ ಕಾರಣಗಳಿವೆ. ಅಣ್ಣ ತಮ್ಮಂದಿರ ಪಾಲಾದಾಗ ಮನೆ ಒಬ್ಬರಿಗೆ, ಹಿತ್ತಲ ಶೆಡ್ಡು ಮತ್ತೊಬ್ಬರಿಗೆ ಹೋಗಿರುತ್ತದೆ. ಕೆಲವರಿಗೆ ಮನೆ ವೈರಿಂಗ್ ಮೋಟರ್ ಲೋಡ್ ತಡೆಯುವುದಿಲ್ಲ. ಈಗ ಎಲ್ಲಕ್ಕಿಂತ ದೊಡ್ಡ ಕಾರಣ ಗೃಹಜ್ಯೋತಿ.

2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ಒಳಗಿರಬೇಕು. ಅದರೊಳಗೂ ನಿಮ್ಮ ಹಿಂದಿನ ವರ್ಷದ ಸರಾಸರಿ ನೋಡಿ ನಿಗದಿ ಮಾಡಿದಷ್ಟು ಮಾತ್ರ ಉಚಿತ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಲೆಕ್ಕ ಹಾಕಿ ನೋಡಿ. ಮನೆಗೆ 110 ಯೂನಿಟ್, ಶೆಡ್ಡಿಗೆ 100 ಯೂನಿಟ್ ಅಂದುಕೊಳ್ಳಿ. ಒಂದೇ ಮೀಟರಲ್ಲಿ ಓಡಿಸಿದರೆ 210 ಆಯಿತು. 2025ರ ಮಾರ್ಚ್ ಆದೇಶದ ಪ್ರಕಾರ ಮನೆ ದರ ಯೂನಿಟ್‌ಗೆ 5.80 ರೂಪಾಯಿ. 210 ಯೂನಿಟ್‌ಗೆ 1,218 ರೂಪಾಯಿ, ಮೇಲೆ ನಿಗದಿತ ಶುಲ್ಕ, ಸರ್‌ಚಾರ್ಜ್, ತೆರಿಗೆ. ಗೃಹಜ್ಯೋತಿ ಆ ತಿಂಗಳು ಹೋಯಿತು.

ಬೇರೆ ಮೀಟರ್ ಹಾಕಿಸಿದರೆ ಮನೆಯ 110 ಯೂನಿಟ್ ಗೃಹಜ್ಯೋತಿಯಲ್ಲಿ ಉಳಿಯುತ್ತದೆ. ಶೆಡ್ಡಿನ 100 ಯೂನಿಟ್‌ಗೆ ಮಾತ್ರ ದುಡ್ಡು. ಹೀಗಾಗಿ ಜನ ಎರಡನೇ ಮೀಟರಿಗೆ ಹೋಗುವುದರಲ್ಲಿ ಮೋಸವಿಲ್ಲ. ತಮ್ಮ ದುಡಿಮೆಯ ಕರೆಂಟನ್ನು ಬೇರೆಯಾಗಿ ಅಳೆದು ದುಡ್ಡು ಕಟ್ಟುತ್ತೇವೆ ಅಂತ ಮುಂದೆ ಬರುತ್ತಿದ್ದಾರೆ. ಆದರೆ ಅರ್ಜಿ ಕೊಟ್ಟಾಗ "ವಾಸದ ಮನೆಗೆ ಒಂದು ಮೀಟರ್ ಇದೆಯಲ್ಲ, ಇದು ಮನೆ ಹೇಗಾಗುತ್ತದೆ?" ಅನ್ನುವ ಪ್ರಶ್ನೆ ಬರುತ್ತದೆ. ದರಪಟ್ಟಿ "ಮನೆಯ ಒಂದು ಭಾಗ" ಅನ್ನುತ್ತದೆ. ಹಿತ್ತಲ ಶೆಡ್ಡು ಆ ಭಾಗವೋ ಅಲ್ಲವೋ ಅನ್ನುವುದನ್ನು ಒಬ್ಬೊಬ್ಬ ಅಧಿಕಾರಿ ಒಂದೊಂದು ರೀತಿ ಓದುತ್ತಾರೆ.

ಮೂರು ದರ, ಒಂದು ಅಚ್ಚರಿ

ಅದೇ 2025ರ ಆದೇಶದಲ್ಲಿ ಎಲ್‌ಟಿ-3 ವಾಣಿಜ್ಯ ದರ ಯೂನಿಟ್‌ಗೆ 7 ರೂಪಾಯಿ, ಎಲ್‌ಟಿ-5 ಕೈಗಾರಿಕೆ ದರ 4.50 ರೂಪಾಯಿ. ಶೆಡ್ಡಿನ 100 ಯೂನಿಟ್‌ಗೆ ವಾಣಿಜ್ಯದಲ್ಲಿ 700, ಮನೆ ದರದಲ್ಲಿ 580, ಕೈಗಾರಿಕೆಯಲ್ಲಿ 450 ರೂಪಾಯಿ.

ಹೌದು, ಈಗ ಯೂನಿಟ್ ಲೆಕ್ಕದಲ್ಲಿ ಸಣ್ಣ ಕೈಗಾರಿಕೆ ದರ ಮನೆ ದರಕ್ಕಿಂತ ಕಡಿಮೆ. ಆದರೂ ಶೆಡ್ಡಿನಲ್ಲಿ ವಸ್ತು ತಯಾರಿಸುವ ಎಷ್ಟೋ ಜನ ಎಲ್‌ಟಿ-3ರಲ್ಲೇ ಇದ್ದಾರೆ. ಮೀಟರ್ ಹಾಕುವಾಗ ಯಾರೋ "ಕಮರ್ಷಿಯಲ್" ಅಂತ ಬರೆದುಕೊಂಡರು, ಅದೇ ನಡೆದುಕೊಂಡು ಬಂತು.

ಆದರೆ ಬರೀ ಯೂನಿಟ್ ದರ ನೋಡಿದರೆ ಸಾಲದು. ನಿಗದಿತ ಶುಲ್ಕ 2025-26ರಲ್ಲಿ ಮನೆಗೆ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಇತ್ತು, ವಾಣಿಜ್ಯಕ್ಕೆ ಇನ್ನೂ ಜಾಸ್ತಿ. ಕೈಗಾರಿಕೆಗೆ ಎಚ್‌ಪಿ ಲೆಕ್ಕ. ಮಳೆಗಾಲದಲ್ಲಿ ಕೆಲಸ ಇಲ್ಲದೆ ಶೆಡ್ಡಿಗೆ ಬೀಗ ಹಾಕಿದರೂ ಇದು ಬರುತ್ತದೆ. ತಿಂಗಳಿಗೆ ಮೂವತ್ತು ನಲವತ್ತು ಯೂನಿಟ್ ಓಡಿಸುವವರಿಗೆ ಯೂನಿಟ್ ದರಕ್ಕಿಂತ ಇದೇ ಭಾರ.

ನಿಜವಾದ ಭಯ ದಂಡದ್ದು

ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕಡಿಮೆಗೆ ಜನ ಅಷ್ಟು ಹೆದರುವುದಿಲ್ಲ. ಹೆದರುವುದು ತಪಾಸಣೆಗೆ.

ವಿದ್ಯುಚ್ಛಕ್ತಿ ಕಾಯ್ದೆ 2003ರ 126ನೇ ಕಲಂ ಪ್ರಕಾರ, ಒಂದು ಉದ್ದೇಶಕ್ಕೆ ಪಡೆದ ಸಂಪರ್ಕವನ್ನು ಬೇರೆ ಉದ್ದೇಶಕ್ಕೆ ಬಳಸಿದರೆ ಅದು ಅನಧಿಕೃತ ಬಳಕೆ. ಆಗ ಅನ್ವಯವಾಗುವ ದರದ ಎರಡು ಪಟ್ಟು ಹಾಕುತ್ತಾರೆ. ಯಾವಾಗಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ. ತಿಂಗಳಿಗೆ 100 ಯೂನಿಟ್ ವಾಣಿಜ್ಯ ಬಳಕೆ ಅಂತ ಹಿಡಿದರೂ ಯೂನಿಟ್‌ಗೆ 14 ರೂಪಾಯಿ, ವರ್ಷಕ್ಕೆ 16,800. ಹೊಲಿಗೆ ಮಾಡಿ ಬದುಕುವ ಮನೆಗೆ ಇದು ಮಕ್ಕಳ ಫೀಸಿನ ದುಡ್ಡು.

ಕಳ್ಳತನಕ್ಕೆ ದಂಡ ಬೇಕು, ನಾವು ಬೇಡ ಅನ್ನುವುದಿಲ್ಲ. ಆದರೆ 200 ವ್ಯಾಟ್ ಎಷ್ಟು ಅಂತ ಗೊತ್ತಿಲ್ಲದೆ ಡ್ರಿಲ್ ತಂದವರನ್ನೂ, ಬೇಕಂತಲೇ ಮನೆ ಮೀಟರಲ್ಲಿ ಹೋಟೆಲ್ ನಡೆಸುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಎಸ್ಕಾಂ ಕಡೆಯ ಮಾತೂ ಇದೆ

ಎಲ್ಲರಿಗೂ ಸಲೀಸು ಮಾಡಿದರೆ ದುರುಪಯೋಗ ಆಗುತ್ತದೆ, ಅಂಗಡಿಯವರೂ "ಇದು ಮನೆ" ಅನ್ನುತ್ತಾರೆ, ಒಂದೇ ಮನೆಗೆ ನಾಲ್ಕು ಮೀಟರ್ ಹಾಕಿಸಿ ನಾಲ್ಕಕ್ಕೂ ಗೃಹಜ್ಯೋತಿ ಕೇಳುತ್ತಾರೆ ಅನ್ನುವುದು ಅವರ ವಾದ. ಈ ಮಾತಿನಲ್ಲಿ ಹುರುಳಿದೆ. ಕಾಯ್ದೆಯ 62ನೇ ಕಲಮಿನಲ್ಲೂ ಕರೆಂಟು ಯಾವ ಉದ್ದೇಶಕ್ಕೆ ಅನ್ನುವುದನ್ನು ನೋಡಿ ದರ ಬೇರೆ ಮಾಡಬಹುದು ಅಂತ ಇದೆ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ. ನಾಲ್ಕೇ ಮಾತು.

ಒಂದು, ಎಲ್ಲ ಕುಶಲಕರ್ಮಿಗಳಿಗೂ 200 ವ್ಯಾಟ್ ಬದಲು 1 ಎಚ್‌ಪಿ ಮಿತಿ ಮಾಡಿ. ಮೇವು ಯಂತ್ರಕ್ಕೆ ಒಪ್ಪಿದ ಅಳತೆ ಇದು.

ಎರಡು, ಅದೇ ಅಂಗಳದ ಶೆಡ್ಡನ್ನು ಮನೆಯ ಭಾಗ ಅಂತ ದರಪಟ್ಟಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಮೀಟರ್ ಬೇರೆ ಇದ್ದರೂ ಅಲ್ಲಿ ವಾಸ ಇರುವವರೇ ದುಡಿಯುತ್ತಿದ್ದರೆ ಮನೆ ದರಕ್ಕಿಂತ ಜಾಸ್ತಿ ಬೇಡ.

ಮೂರು, ಆ ಎರಡನೇ ಮೀಟರಿಗೆ ಗೃಹಜ್ಯೋತಿ ಬೇಡ. ಬಳಸಿದಷ್ಟಕ್ಕೆ ದುಡ್ಡು ಕಟ್ಟಲಿ. ದುರುಪಯೋಗದ ಬಾಗಿಲು ಅಲ್ಲಿಗೆ ಮುಚ್ಚುತ್ತದೆ.

ನಾಲ್ಕು, ಲೋಡ್ ಮಿತಿ ದಾಟಿದ ಕುಶಲಕರ್ಮಿಗೆ ಮೊದಲು ನೋಟಿಸ್ ಕೊಟ್ಟು, ವರ್ಗ ಬದಲಿಸಿಕೊಳ್ಳಲು ಸಮಯ ಕೊಡಿ. ಮೊದಲ ಭೇಟಿಯಲ್ಲೇ ಎರಡು ಪಟ್ಟು ಬೇಡ.

ಇದು ಹೊಸ ದಾರಿಯೂ ಅಲ್ಲ. ನೇಕಾರರ ಬವಣೆ ನೋಡಿ 10 ಎಚ್‌ಪಿವರೆಗಿನ ವಿದ್ಯುತ್ ಮಗ್ಗಗಳಿಗೆ ಉಚಿತ ವಿದ್ಯುತ್ ಕೊಡಲು ಇದೇ ರಾಜ್ಯ ಸರ್ಕಾರ ಮುಂದಾಯಿತು. ನಾವು ಉಚಿತ ಕೇಳುತ್ತಿಲ್ಲ, ದುಡ್ಡು ಕಟ್ಟುವ ಸರಿಯಾದ ಸಾಲು ಕೇಳುತ್ತಿದ್ದೇವೆ.

ಅಲ್ಲಿಯವರೆಗೆ ನೀವು ಮಾಡಬೇಕಾದ್ದು

ಬಿಲ್ ತೆಗೆದು ಆರ್‌ಆರ್ ನಂಬರ್ ಪಕ್ಕದಲ್ಲಿ ಎಲ್‌ಟಿ ಯಾವುದು ಅಂತ ನೋಡಿ. ಲೋಡ್ ಎಷ್ಟು ಬರೆದಿದೆ ನೋಡಿ. ಮಷೀನಿನ ಮೈಮೇಲೆ ಇರುವ ತಗಡಿನ ಪಟ್ಟಿಯಲ್ಲಿ ವ್ಯಾಟ್ ಅಥವಾ ಎಚ್‌ಪಿ ಇರುತ್ತದೆ, ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಎರಡನೇ ಮೀಟರಿಗೆ ಅರ್ಜಿ ಹಾಕುವ ಮೊದಲು ಯೋಚಿಸಿ. ನಿಮ್ಮ ಕಸುಬು ಮನೆ ದರದ ಪಟ್ಟಿಯಲ್ಲಿದ್ದು, ಎರಡೂ ಸೇರಿ 200 ಯೂನಿಟ್ ದಾಟದಿದ್ದರೆ ಮನೆ ಮೀಟರೇ ಸಾಕು. ಆಗಲೇ ಬೇರೆ ಮೀಟರ್ ಇದ್ದು, ಅಲ್ಲಿ ಮಾರಾಟದ ಕೌಂಟರ್ ಇಲ್ಲದೆ ವಸ್ತು ತಯಾರಿಕೆ ಮಾತ್ರ ನಡೆಯುತ್ತಿದ್ದರೆ, ಎಲ್‌ಟಿ-3ರಿಂದ ಎಲ್‌ಟಿ-5ಕ್ಕೆ ಬದಲಿಸಿ ಅಂತ ಉಪವಿಭಾಗದ ಎಇಇ ಅವರಿಗೆ ಅರ್ಜಿ ಕೊಡಿ. ಬಾಯಿಮಾತು ಬೇಡ. ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಉತ್ತರ ಬರದಿದ್ದರೆ ಪ್ರತಿ ಎಸ್ಕಾಂನಲ್ಲೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. 126ರ ನೋಟಿಸ್ ಬಂದಿದ್ದರೆ ದಾರಿ ಬೇರೆ. ಮೊದಲು ಬರುವುದು ತಾತ್ಕಾಲಿಕ ಆದೇಶ, ಅದಕ್ಕೆ ಆಕ್ಷೇಪಣೆ ಬರೆದು ಕೊಡಬಹುದು. ಅಂತಿಮ ಆದೇಶದ ಮೇಲೆ 30 ದಿನದೊಳಗೆ 127ನೇ ಕಲಮಿನಲ್ಲಿ ಮೇಲ್ಮನವಿ ಹಾಕಬಹುದು, ಆದರೆ ಅರ್ಧ ಮೊತ್ತ ಮೊದಲು ಕಟ್ಟಬೇಕು. ಹೆದರಿ ಸುಮ್ಮನಿದ್ದರೆ ಆ ದಿನಗಳು ಕಳೆದುಹೋಗುತ್ತವೆ.

ಇನ್ನೊಂದು ಮಾತು. ದರ ಪರಿಷ್ಕರಣೆಗೆ ಮುನ್ನ ಜನರ ಆಕ್ಷೇಪಣೆ, ಸಲಹೆ ಕೇಳುವುದು ಕಾಯ್ದೆಯ 64ನೇ ಕಲಂ ಪ್ರಕಾರ ಆಯೋಗದ ಕೆಲಸ. ವಿಚಾರಣೆಯ ಪ್ರಕಟಣೆ ಪೇಪರಿನಲ್ಲಿ ಬರುತ್ತದೆ. ಕೈಗಾರಿಕಾ ಸಂಘದವರು, ರೈತ ಸಂಘದವರು ಅಲ್ಲಿ ಹೋಗಿ ಮಾತಾಡುತ್ತಾರೆ. ಹೊಲಿಗೆ ಅಕ್ಕ, ಬಡಗಿ, ಗೊಂಬೆ ಕಡೆಯುವವರ ದನಿ ಅಲ್ಲಿ ಕೇಳುವುದು ಕಡಿಮೆ. ಮೇವು ಯಂತ್ರಕ್ಕೆ 1 ಎಚ್‌ಪಿ ಅಂತ ಪಟ್ಟಿಯಲ್ಲಿ ಸೇರಬಹುದಾದರೆ ಬಡಗಿಯ ಡ್ರಿಲ್ಲೂ ಸೇರಬಹುದು. ನಿಮ್ಮ ಊರಿನ ಸಂಘದ ಹೆಸರಲ್ಲಿ ಒಂದು ಪುಟದ ಅರ್ಜಿ ಸಾಕು, ಕನ್ನಡದಲ್ಲೇ ಬರೆಯಿರಿ. ಮುಂದಿನ ವಿಚಾರಣೆಯ ಪ್ರಕಟಣೆ ಬಂದ ದಿನ ನಾವು ಅದನ್ನು ಇಲ್ಲೇ ಹಾಕುತ್ತೇವೆ.