ನಾಲ್ಕು ಹೊತ್ತಗೆ, ಒಂದು ಹಾಡು

ತಾಳೆಗರಿಯ ಗ್ರಂಥಗಳನ್ನು ಸಂಪಾದಿಸುವವರ ಕಷ್ಟವನ್ನು ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿ ಪದಪದಗಳ ನಡುವೆ ಬಿಡುವಿಲ್ಲ. ಅಕ್ಷರಗಳ ಸಾಲನ್ನು ಎಲ್ಲಿ ಒಡೆಯಬೇಕೆಂಬುದನ್ನು ಅರ್ಥವೇ ಹೇಳಬೇಕು. ಯೂರೋಪಿನ ಪ್ರಾಚೀನ ವೃಂದಗಾನವನ್ನು ಇಂದು ಹಾಡಿಸಹೊರಟ ನಿರ್ದೇಶಕನ ಪಾಡೂ ಬಹುಮಟ್ಟಿಗೆ ಇಂಥದೇ.

ಇಂಗ್ಲೆಂಡಿನ ವಿಲಿಯಂ ಬರ್ಡ್ ನಾಲ್ಕು ಕಂಠಗಳಿಗೆಂದು ರಚಿಸಿದ ‘ಮಾಸ್’ ಪೂಜಾಗೀತವನ್ನೇ ತೆಗೆದುಕೊಳ್ಳೋಣ. ಅದು ಅಚ್ಚಾದದ್ದು ೧೫೯೨–೯೩ರ ಸುಮಾರಿನಲ್ಲಿ, ನಾಲ್ಕು ಚಿಕ್ಕ ಹೊತ್ತಗೆಗಳಾಗಿ. ಒಬ್ಬನ ಹೊತ್ತಗೆಯಲ್ಲಿ ಅವನ ಸ್ವರಗಳಷ್ಟೇ. ಪಕ್ಕದವನು ಏನು ಹಾಡುವನೆಂಬುದರ ಸುಳಿವಿಲ್ಲ. ಕಾಲವನ್ನು ಅಳೆದು ತೋರುವ ಲಂಬರೇಖೆಗಳಿಲ್ಲ. ಮುಖಪತ್ರವಾಗಲಿ ಮುದ್ರಕನ ಹೆಸರಾಗಲಿ ಇಸವಿಯಾಗಲಿ ಇಲ್ಲ. ಅಚ್ಚುಮೊಳೆಗಳ ಸವೆತವೇ ಮೊದಲಾದ ಕುರುಹುಗಳಿಂದ ವಿದ್ವಾಂಸರು ಕಾಲವನ್ನು ನಿರ್ಣಯಿಸಿದ್ದಾರೆ.

ಈ ಮೌನಕ್ಕೆ ಕಾರಣವುಂಟು. ಬರ್ಡ್ ರೋಮನ್ ಕ್ಯಾಥೊಲಿಕ್ ಮತದವನು; ಒಂದನೆಯ ಎಲಿಜಬೆತ್ ರಾಣಿಯ ರಾಜ್ಯದಲ್ಲಿ ಆ ಪೂಜೆ ನಿಷಿದ್ಧ. ೧೫೮೫ರ ಶಾಸನದಂತೆ ಪರದೇಶದಲ್ಲಿ ದೀಕ್ಷೆ ಪಡೆದುಬಂದ ಪಾದ್ರಿ ದೇಶದಲ್ಲಿರುವುದೇ ರಾಜದ್ರೋಹ. ತಿಳಿದೂ ಅವನಿಗೆ ಆಶ್ರಯವಿತ್ತವನಿಗೂ ಮರಣದಂಡನೆ. ರಾಣಿಯ ಪ್ರಾರ್ಥನಾಮಂದಿರದಲ್ಲೇ ಗಾಯಕನಾಗಿದ್ದ ಬರ್ಡ್, ಮುಚ್ಚಿದ ಬಾಗಿಲುಗಳ ಹಿಂದೆ ಕೆಲವೇ ಮಂದಿ ಹಾಡಬಹುದಾದ ಗೀತವನ್ನು ಬರೆದನು.

ನಿರ್ದೇಶಕನು ಮೊದಲು ನಾಲ್ಕು ಧ್ವನಿಗಳನ್ನೂ ಒಂದರ ಕೆಳಗೊಂದು ಬರೆದು ನೋಡಬೇಕು. ಯಾವ ಅಕ್ಷರ ಯಾವ ಸ್ವರದ ಮೇಲೆ ಬೀಳಬೇಕು, ತನ್ನ ಗಾಯಕರ ಕಂಠಕ್ಕೆ ಯಾವ ಶ್ರುತಿ ಒಗ್ಗೀತು, ಲ್ಯಾಟಿನ್ ಶಬ್ದಗಳ ಉಚ್ಚಾರಣೆ ಹೇಗಿರಬೇಕು ಎಂಬುದೆಲ್ಲ ಅವನ ವಿವೇಚನೆಗೆ ಬಿಟ್ಟದ್ದು. ಅಭ್ಯಾಸದ ಕಷ್ಟ ಬೇರೆ. ಇಲ್ಲಿ ಎಲ್ಲರೂ ಒಟ್ಟಿಗೆ ಒತ್ತುವ ತಾಳದ ಪೆಟ್ಟಿಲ್ಲ. ಪ್ರತಿಯೊಂದು ಧ್ವನಿಯೂ ತನ್ನ ಮಾತಿನ ಬನಿಯಂತೆ ಏರುತ್ತದೆ, ಇಳಿಯುತ್ತದೆ. ಆದುದರಿಂದ ಕೆಲವು ನಿರ್ದೇಶಕರು ಹಳೆಯ ಹೊತ್ತಗೆಗಳ ಪ್ರತಿಕೃತಿಯಿಂದಲೇ ಹಾಡಿಸಿ ನೋಡುತ್ತಾರೆ. ದಾರಿ ತಪ್ಪಿದವನಿಗೆ ಆಗ ಕಿವಿಯೊಂದೇ ಗತಿ.

ಕೊನೆಯ ಭಾಗವಾದ ‘ಆಗ್ನುಸ್ ದೇಯಿ’ಯಲ್ಲಿ ಮೊದಲು ಎರಡು ಧ್ವನಿ, ಬಳಿಕ ಮೂರು, ಕಡೆಗೆ ನಾಲ್ಕೂ ಸೇರುತ್ತವೆ. ಶಾಂತಿಯನ್ನು ಬೇಡುವ ಆ ಕಡೆಯ ಮಾತಿನಲ್ಲಿ ಒಂದು ಧ್ವನಿ ತನ್ನ ಸ್ವರವನ್ನು ಬಿಡದೆ ಹಿಡಿದಿರುತ್ತದೆ. ಇನ್ನೊಂದು ಬಂದು ಅದಕ್ಕೆ ತಾಕಿ ಕರ್ಕಶವಾಗುತ್ತದೆ. ಆಮೇಲೆ ಹಿಡಿದ ಸ್ವರ ಒಂದು ಮೆಟ್ಟಿಲಿಳಿದು ಸಮರಸವಾಗುತ್ತದೆ. ನೋವಿಗಂಜಿ ಗಾಯಕನು ಮೊದಲೇ ಇಳಿದನೋ, ಶಾಂತಿಗೆ ಬೆಲೆಯೇ ಇಲ್ಲವಾಯಿತು. ಆ ಒಂದು ಕ್ಷಣವನ್ನು ತಾಳಿಕೊಳ್ಳುವುದನ್ನು ಕಲಿಸುವುದರಲ್ಲೇ ನಿರ್ದೇಶಕನ ಅರ್ಧ ಆಯುಷ್ಯ ಕಳೆಯುತ್ತದೆ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.