ನಿಲ್ಲಿಸಿಟ್ಟ ಕಾರಿಗೊಂದು ಪ್ಲಗ್ ಪಾಯಿಂಟ್ ಕೊಡಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಕವರ್ ಹೊದಿಸಿ ಸ್ಪೋರ್ಟ್ಸ್ ಕಾರು ನಿಲ್ಲಿಸಿರುವವರಲ್ಲಿ, ಮಗಳ ಕಾರನ್ನೋ ಅಳಿಯನ ಕಾರನ್ನೋ ಅವರು ಅಮೆರಿಕದಿಂದ ಬರುವವರೆಗೆ ಕಾಯ್ದುಕೊಂಡಿರುವ ಹಿರಿಯರಲ್ಲಿ, ಒಂದು ಬಿನ್ನಹ. ಸೆಕ್ಯುರಿಟಿಯವರ ಕೈಗೆ ಕೀ ಕೊಟ್ಟು, “ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಬಿಡಪ್ಪ” ಎನ್ನುವ ರೂಢಿಯನ್ನು ದಯವಿಟ್ಟು ಬಿಡಿ. ಅದರಿಂದ ಬ್ಯಾಟರಿ ಉಳಿಯುವುದಿಲ್ಲ. ಹೊಗೆ ಕುಡಿಯುವವರು ಮಾತ್ರ ಆ ಸೆಕ್ಯುರಿಟಿಯವರು.

ಕಾರನ್ನು ಯಾಕೆ ಓಡಿಸುವುದಿಲ್ಲ ಎಂದು ನಾನು ಕೇಳುತ್ತಿಲ್ಲ. ನಮ್ಮ ರಸ್ತೆಯ ಹಂಪುಗಳಿಗೆ ಹೊಟ್ಟೆ ಉಜ್ಜುವ ಕಾರು ಅದು. ಮಳೆಗಾಲದಲ್ಲಿ ಗುಂಡಿ, ಉಳಿದ ಕಾಲದಲ್ಲಿ ಟ್ರಾಫಿಕ್. ಭಾನುವಾರ ಬೆಳಕು ಹರಿಯುವ ಮುಂಚೆ ನಂದಿಬೆಟ್ಟದ ಕಡೆ ಒಂದು ಸುತ್ತು ಹೋಗಿಬಂದರೆ ಅದೇ ದೊಡ್ಡದು. ಆದರೆ ನಿಂತ ಕಾರು ಪೂರ್ತಿ ಮಲಗಿರುವುದಿಲ್ಲ ಎನ್ನುವುದನ್ನು ನಾವು ಮರೆಯುತ್ತೇವೆ. ಅಲಾರಂ, ಬಾಗಿಲ ಬೀಗದ ರಿಸೀವರ್, ಕಳ್ಳತನದ ಭಯಕ್ಕೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್, ಪಾರ್ಕಿಂಗ್ ಮೋಡಿನ ಡ್ಯಾಶ್‌ಕ್ಯಾಮ್ ಎಲ್ಲವೂ ಹಗಲೂ ರಾತ್ರಿ ಬ್ಯಾಟರಿಯನ್ನು ಹೀರುತ್ತಲೇ ಇರುತ್ತವೆ. ಕೀಲಿಯನ್ನು ಕಾರಿನ ಪಕ್ಕದಲ್ಲೇ ಎಲ್ಲಾದರೂ ಇಟ್ಟರೆ ಕೆಲವು ಕಾರುಗಳು ಇನ್ನಷ್ಟು ಎಚ್ಚರವಾಗಿರುತ್ತವೆ.

ಲೆಕ್ಕ ಹಾಕೋಣ. 50 ಮಿಲಿಆಂಪಿಯರ್‌ವರೆಗಿನ ಸೋರಿಕೆ ಸಹಜ ಎನ್ನುತ್ತಾರೆ ಮೆಕ್ಯಾನಿಕ್‌ಗಳು. ಅಂದರೆ ದಿನಕ್ಕೆ 1.2 ಆಂಪಿಯರ್-ಅವರ್, ವಾರಕ್ಕೆ 8.4. ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ, ಉದಾರವಾಗಿ 20 ಆಂಪಿಯರ್ ಒಳಗೆ ಹೋಯಿತು ಎಂದಿಟ್ಟುಕೊಂಡರೂ, ಹಿಂದಕ್ಕೆ ಬರುವುದು 3.3. ಅದರಲ್ಲೂ ಸೆಲ್ಫ್ ಹೊಡೆಯಲು ಒಂದಷ್ಟು ಖರ್ಚು. ಉಳಿದ ಸಾಲ ವಾರವಾರವೂ ಬೆಳೆಯುತ್ತದೆ. ಏನೂ ಮಾಡದೆ ತಿಂಗಳು ಬಿಟ್ಟರಂತೂ 60 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ.

ಖಾಲಿಯಾದ ಮೇಲೆ ಚಾರ್ಜ್ ಮಾಡಿಸಿದರಾಯಿತಲ್ಲ ಎನ್ನುವವರಿಗೆ ಒಂದು ಮಾತು. ಸೀಸದ ಬ್ಯಾಟರಿ ಚಾರ್ಜ್ ಇಲ್ಲದೆ ಕುಳಿತಷ್ಟೂ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ, ಬೋರ್‌ವೆಲ್ ನೀರು ಕಾಯಿಸುವ ಗೀಸರಿನ ಕಾಯಿಲ್ ಮೇಲೆ ಉಪ್ಪು ಕಟ್ಟಿದ ಹಾಗೆ. ಹಾಗೆ ಗಟ್ಟಿಯಾದ ಭಾಗ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ತುಂಬಿದ ಬ್ಯಾಟರಿ ಕೆಲವು ತಾಸು ಸುಮ್ಮನಿದ್ದ ಬಳಿಕ ಮೀಟರಿನಲ್ಲಿ ಸುಮಾರು 12.7 ವೋಲ್ಟ್ ತೋರಿಸಬೇಕು. 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. 12ರ ಹತ್ತಿರ ವಾರಗಟ್ಟಲೆ ಬಿಟ್ಟರೆ ಬ್ಯಾಟರಿ ಅಂಗಡಿಯ ದಾರಿ ಹಿಡಿಯಬೇಕಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ಎಷ್ಟೋ ಕಾರುಗಳ ಗತಿ ಇದೇ ಆಯಿತು.

ಮಾಮೂಲಿ ಕಾರಿನ ಬ್ಯಾಟರಿ ಡೌನ್ ಆದರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದ ಕಾಲವಿತ್ತು. ಡ್ಯುಯಲ್ ಕ್ಲಚ್ ಗೇರಿನ ಸ್ಪೋರ್ಟ್ಸ್ ಕಾರಿನಲ್ಲಿ ಆ ಆಟ ನಡೆಯದು. ಪೋರ್ಷೆ 911ರ ಕಥೆ ಕೇಳಿ: ಎಂಜಿನ್ ಹಿಂದೆ, ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ. ಇತ್ತೀಚಿನ ತಲೆಮಾರುಗಳಲ್ಲಿ ಆ ಡಿಕ್ಕಿ ತೆರೆಯಲಿಕ್ಕೂ ಕರೆಂಟ್ ಬೇಕು! ಹಲವು ಮಾದರಿಗಳಲ್ಲಿ ಫ್ಯೂಸ್ ಬಾಕ್ಸಿನೊಳಗೆ ಹೊರಗೆಳೆಯುವಂಥ ಒಂದು ಕೆಂಪು ತುದಿ ಇಟ್ಟಿದ್ದಾರೆ. ಅಲ್ಲಿಗೆ ಹೊರಗಿನಿಂದ 12 ವೋಲ್ಟ್ ಕೊಟ್ಟು ಮೊದಲು ಮುಚ್ಚಳ ತೆರೆಯಬೇಕು. ಇನ್ನು ಫ್ರೇಮ್ ಇಲ್ಲದ ಬಾಗಿಲುಗಳು. ತೆರೆಯುವಾಗ ಗಾಜು ತಾನಾಗಿ ಒಂಚೂರು ಕೆಳಗಿಳಿದರೇನೇ ಅವು ಸಲೀಸಾಗಿ ಬಿಚ್ಚುವುದು. ಬ್ಯಾಟರಿ ಸತ್ತಾಗ ಬಲವಂತ ಮಾಡಿದರೆ ರಬ್ಬರ್ ಬೀಡಿಂಗ್ ಹರಿದೀತು. ಈ ಕಾರಣಕ್ಕೇ ಟರ್ಮಿನಲ್ ಕಳಚಿಡುವ ಹಳೆಯ ಉಪಾಯವನ್ನು ಇಂಥ ಕಾರುಗಳಿಗೆ ನಾನು ಹೇಳುವುದಿಲ್ಲ. ಹಳೆಯ ಸಾದಾ ಕಾರಿಗಾದರೆ ಸರಿ, ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.

ಈ ಕಾರುಗಳಿಗೆ ಬೇಕಾದದ್ದು ಬ್ಯಾಟರಿ ಮೇಂಟೇನರ್. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಸ್ವೀಡನ್ನಿನ ಸಿಟೆಕ್ ಈ ಬಗೆಯ ಚಾರ್ಜರಿಗೇ ಹೆಸರಾದ ಕಂಪನಿ. ಫೆರಾರಿಯಂಥವರು ಕಾರಿನ ಜೊತೆಗೇ ಇಂಥದ್ದೊಂದನ್ನು ಕೊಡುತ್ತಾರೆ, ಡಿಕ್ಕಿಯ ಮೂಲೆಯಲ್ಲಿ ಬಿಚ್ಚದ ಚೀಲದಲ್ಲೇ ಇದೆಯೋ ಏನೋ, ಹೋಗಿ ನೋಡಿ. ಬ್ಯಾಟರಿ ತುಂಬಿದ ಮೇಲೆ ಇದು ತಾನಾಗಿಯೇ ತಗ್ಗುತ್ತದೆ, ಸೋರಿದಷ್ಟನ್ನೇ ಮತ್ತೆ ತುಂಬುತ್ತದೆ. ಗ್ಯಾರೇಜಿನ ಹಳೆಯ ಚಾರ್ಜರಿಗೆ ಆ ಬುದ್ಧಿ ಇಲ್ಲ. ಅದನ್ನು ವಾರಗಟ್ಟಲೆ ಹಾಕಿಟ್ಟರೆ ಬ್ಯಾಟರಿ ಕುದಿದು ಹಾಳಾಗುತ್ತದೆ. ನಿಮ್ಮದು ಎಜಿಎಂ ಬಗೆಯ ಬ್ಯಾಟರಿ ಆದರೆ ಚಾರ್ಜರಿನಲ್ಲಿ ಎಜಿಎಂ ಮೋಡ್, ಲೀಥಿಯಂ ಆದರೆ ಲೀಥಿಯಂಗೆಂದೇ ಇರುವ ಚಾರ್ಜರ್. ಕೆಂಪು ಕ್ಲಿಪ್ ಪಾಸಿಟಿವ್‌ಗೆ, ಕಪ್ಪು ಕ್ಲಿಪ್ ಕೈಪಿಡಿ ತೋರಿಸಿದ ಬಾಡಿಯ ಅರ್ಥ್ ಬೋಲ್ಟಿಗೆ. ಯಾಕೆಂದರೆ ಹೊಸ ಕಾರುಗಳಲ್ಲಿ ನೆಗೆಟಿವ್ ತುದಿಯಲ್ಲೊಂದು ಸೆನ್ಸರ್ ಇದ್ದು, ಒಳಹೋದ ಚಾರ್ಜಿನ ಲೆಕ್ಕ ಅದಕ್ಕೆ ಸಿಗಬೇಕು. ಷಿಕಾಗೊ, ಟೊರಾಂಟೊ ಕಡೆ ಚಳಿಗಾಲಕ್ಕೆ ಕಾರು ಮುಚ್ಚಿಡುವ ನಮ್ಮವರಿಗೆ ಮೇಂಟೇನರ್ ಇನ್ನೂ ತುರ್ತು. ಖಾಲಿ ಬ್ಯಾಟರಿಯ ಆಸಿಡ್ ನೀರಾಗಿ, ಹೆಪ್ಪುಗಟ್ಟಿ, ಡಬ್ಬಿಯೇ ಒಡೆಯಬಹುದು.

ಇಲ್ಲಿಂದ ಮಾತು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರ ಜೊತೆ. ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಕೇಳಿದರೆ “ಕಾಮನ್ ಕರೆಂಟ್, ಆಗಲ್ಲ ಸಾರ್” ಎನ್ನುತ್ತೀರಿ. ಮೇಂಟೇನರ್ ಸದಾ 10 ವಾಟ್ ತಿಂದರೂ ತಿಂಗಳಿಗೆ ಸುಮಾರು ಏಳು ಯೂನಿಟ್. ಸಬ್ ಮೀಟರ್ ಹಾಕಿ, ನಮ್ಮಿಂದಲೇ ವಸೂಲು ಮಾಡಿ. ಆದರೆ ಪ್ಲಗ್ ಇಲ್ಲವೆಂದು ಕಾರು ಸ್ಟಾರ್ಟ್ ಮಾಡುವ ಕೆಲಸವನ್ನು ಸೆಕ್ಯುರಿಟಿಯವರ ತಲೆಗೆ ಕಟ್ಟಬೇಡಿ. ತಣ್ಣಗಿರುವ ಎಂಜಿನ್ನಿನ ಹೊಗೆಯಲ್ಲೇ ಕಾರ್ಬನ್ ಮಾನಾಕ್ಸೈಡ್ ಹೆಚ್ಚು, ಯಾಕೆಂದರೆ ಬಿಸಿಯಾಗುವ ತನಕ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿಟ್ಟ ಬೇಸ್‌ಮೆಂಟಿನಲ್ಲಿ ಸಾಲಾಗಿ ನಾಲ್ಕು ಕಾರು ಸ್ಟಾರ್ಟ್ ಮಾಡುತ್ತ ಕೂರುವ ಮನುಷ್ಯನಿಗೆ ಮೊದಲು ತಲೆನೋವು ಬರುತ್ತದೆ. ಆತ ಅದು ಬಿಸಿಲಿನಿಂದ ಬಂದದ್ದೆಂದು ಸುಮ್ಮನಾಗುತ್ತಾನೆ.

ಕಾರಿನ ಒಡೆಯರಿಗೂ ಕೆಲವು ನಿರ್ಬಂಧಗಳಿವೆ. ಮನೆಯಿಂದ ಎಕ್ಸ್‌ಟೆನ್ಶನ್ ವೈರು ಎಳೆದು ಓಡಾಡುವ ದಾರಿಗೆ ಅಡ್ಡ ಹಾಕಬೇಡಿ. ಅರ್ಥಿಂಗ್ ಇರುವ, ಕರೆಂಟ್ ಸೋರಿದರೆ ತಾನೇ ಕಡಿತವಾಗುವ ಇಎಲ್‌ಸಿಬಿ ಇರುವ ಪಾಯಿಂಟೇ ಬೇಕು. ಚಾರ್ಜ್ ಆಗುವ ಬ್ಯಾಟರಿ ಸ್ವಲ್ಪ ಜಲಜನಕ ಬಿಡುತ್ತದೆ, ಗಾಳಿ ಆಡಬೇಕು, ಹತ್ತಿರ ಬೀಡಿ ಸಿಗರೇಟು ಬೇಡ.

ಉಳಿದದ್ದು ಸತ್ತ ಬ್ಯಾಟರಿಯ ವಿಚಾರ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಗುಜರಿಯವನಿಗೆ ನೂರಿನ್ನೂರು ಹೆಚ್ಚು ಸಿಗುತ್ತದೆಂದು ಕೊಟ್ಟರೆ ಅದನ್ನು ಯಾವುದೋ ಬಯಲಿನಲ್ಲಿ ಒಡೆದು ಕರಗಿಸುತ್ತಾರೆ. ಆ ಹೊಗೆ, ಧೂಳು ಅಕ್ಕಪಕ್ಕದ ಮಕ್ಕಳ ರಕ್ತಕ್ಕೆ ಸೇರಿ ಬುದ್ಧಿಯ ಬೆಳವಣಿಗೆಗೇ ಕುತ್ತು. ಸೀಸದ ವಿಷದ ಬಗ್ಗೆ ದೇಶಕ್ಕೆ ಅರಿವು ಮೂಡಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ನಮ್ಮೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವಾಗ ಹಳೆಯದನ್ನು ಅಧಿಕೃತ ಡೀಲರಿಗೇ ಕೊಟ್ಟು, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಬಗ್ಗೆ ಹೇಗೂ ಈಗ ಎಲ್ಲ ಅಸೋಸಿಯೇಷನ್ ಸಭೆಗಳಲ್ಲೂ ಚರ್ಚೆ ಎದ್ದಿದೆ. ನಿಮ್ಮ ಮುಂದಿನ ಸಭೆಯಲ್ಲಿ ಆ ವಿಷಯ ಬಂದಾಗ ಈ ಸಣ್ಣ ಪಾಯಿಂಟಿನ ಬೇಡಿಕೆಯನ್ನೂ ಸೇರಿಸಿ. ಒಬ್ಬೊಬ್ಬರೇ ಕೇಳಬೇಡಿ, ಕಾರು ನಿಲ್ಲಿಸಿಟ್ಟಿರುವ ನಾಲ್ಕೈದು ಮನೆಯವರು ಕೂಡಿ ಬರೆದುಕೊಡಿ. ಮೀಟರಿನ ಖರ್ಚು ನಮ್ಮದೇ ಎಂದು ಮೊದಲ ಸಾಲಿನಲ್ಲೇ ಬರೆಯಿರಿ, ಸೆಕ್ಯುರಿಟಿಯವರಿಂದ ಕೀಲಿ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಎರಡನೆಯ ಸಾಲಿನಲ್ಲಿ.